ಬಾಗೆ ಮರ ಚಿಗುರುವ ತನಕ

ಯಳಂದೂರಿನ ಬಸ್ ನಿಲ್ದಾಣದ ಹಿಂದೆ ಒಂದು ಬಾಗೆ ಮರವಿದೆ. ಸಂಕ್ರಾಂತಿ ಕಳೆದು ಎಲೆಯೆಲ್ಲ ಉದುರಿದ ಮೇಲೆ ಅದರ ಒಣಕಾಯಿಗಳು ಗಾಳಿಗೆ ಗಲಗಲ ಎನ್ನುತ್ತವೆ. ಆ ಸದ್ದು ಕಿವಿಗೆ ಬಿದ್ದರೆ ಬಸ್ಸು ಹೋದರೂ ಹೋಗಲಿ ಎಂದು ನಿಂತುಬಿಡುತ್ತೇನೆ. ನಮ್ಮೂರು ಶಾಗ್ಯದ ಮನೆ ಹಿತ್ತಲಿನಲ್ಲೂ ಅಂಥದೊಂದು ಬಾಗೆ ಇತ್ತು, ಜೊತೆಗೆ ಒಂದು ಹೊಂಗೆ, ಒಂದು ನೆಲ್ಲಿ. ಅಪ್ಪ, ಚಿಕ್ಕಪ್ಪ, ಅವರ ಹೆಂಡಿರು, ಮಕ್ಕಳಾದ ನಾವು, ಎಲ್ಲರಿಗೂ ಒಂದೇ ಒಲೆ. ಆ ಒಲೆ ಎರಡಾಗದಂತೆ ತಡೆದವಳು ನಮ್ಮಜ್ಜಿ. ತಡೆಯಲು ಅವಳ ಕೈಯಲ್ಲಿದ್ದದ್ದು ಆ ಮೂರು ಮರ ಮಾತ್ರ.

ಚಿಕ್ಕಪ್ಪನಿಗೆ ತನ್ನ ಪಾಲು ಬೇಕಿತ್ತು. ರಾಗಿ ಒಕ್ಕಣೆ ಮುಗಿದು ಕೈ ಬಿಡುವಾದೊಡನೆ ಊರ ಯಜಮಾನರನ್ನು ಕರೆತಂದು ಜಗಲಿಯ ಮೇಲೆ ಕೂರಿಸುತ್ತಿದ್ದ. ಅಜ್ಜಿ ಅಳಲೂ ಇಲ್ಲ, ಜಗಳಕ್ಕೂ ನಿಲ್ಲಲಿಲ್ಲ. "ಬೋಳು ಮರಾನ ಪಾಲು ಮಾಡಕಾಗಲ್ಲ ಕಣ್ರಪ್ಪ. ಯಾವ್ದು ಉಳೀತದೋ ಯಾವ್ದು ಒಣಗ್ತದೋ. ಚಿಗುರ್ಲಿ, ಆಮೇಕೆ ಬನ್ನಿ," ಎಂದಳು. ಯಜಮಾನರಿಗೂ ಅದು ನ್ಯಾಯವೆನಿಸಿತು. ಬೆಳಿಗ್ಗೆ ಎದ್ದರೆ ಅವಳ ಹಿಂದೆ ನಾವೆಲ್ಲ ಹಿತ್ತಲಿಗೆ. ಅವಳು ಉಗುರಿನಿಂದ ತೊಗಟೆ ಕೆರೆದು ಒಳಗಿನ ಹಸಿರು ತೋರಿಸುವಳು. ಶಿವರಾತ್ರಿ ಹೊತ್ತಿಗೆ ಹೊಂಗೆ ಎಲೆ ಉದುರಿಸಿ, ಯುಗಾದಿಗೆ ಮುಂಚೆಯೇ ಎಣ್ಣೆ ಹಚ್ಚಿದಂತೆ ಮಿರಮಿರ ಮಿಂಚುತ್ತಿತ್ತು. ಆಮೇಲೆ ಅದರಡಿ ಪುರಿ ಚೆಲ್ಲಿದ ಹಾಗೆ ಹೂವು. ಆದರೆ ನೆಲ್ಲಿ ಇನ್ನೂ ಬರೀ ಕಡ್ಡಿ. ನೆಲ್ಲಿ ಚಿಗುರಿದರೆ ಬಾಗೆ ಬಾಕಿ. ಬಾಗೆ ಚಿಗುರಿ, ಸಂಜೆ ಹೊತ್ತು ಅದರ ಹೂವಿನ ಕಂಪು ಅಡುಗೆಮನೆವರೆಗೂ ಬರುವಷ್ಟರಲ್ಲಿ ಮೊದಲ ಮಳೆ ಬಿದ್ದು ಚಿಕ್ಕಪ್ಪನೇ ನೇಗಿಲು ಹೊತ್ತು ಹೊಲಕ್ಕೆ ಹೊರಟಿರುತ್ತಿದ್ದ. ಇನ್ನು ಪಾಲಿನ ಮಾತು ಮುಂದಿನ ಒಕ್ಕಣೆಗೆ. ಎಂಥ ಕಿಲಾಡಿ ಮುದುಕಿ! ವರ್ಷವರ್ಷವೂ ಹೀಗೇ ದಾಟಿಸಿದಳು. ಅವಳಿಗೆ ಮರಗಳ ಮೇಲೆ ಪ್ರಾಣ ಎಂದಷ್ಟೇ ನಾನು ತಿಳಿದಿದ್ದೆ.

ಒಂದು ಮಳೆಗಾಲದಲ್ಲಿ, ಮೂರೂ ಮರ ತುಂಬು ಹಸಿರಾಗಿದ್ದಾಗ, ಅಜ್ಜಿ ತೀರಿಕೊಂಡಳು. ಈಗ ಆ ಮನೆಯಿಲ್ಲ, ಹಿತ್ತಲಿನ ನಡುವೆ ಗೋಡೆ ಬಂದಿದೆ, ಹೊಂಗೆಯನ್ನು ಆ ಗೋಡೆಗಾಗಿಯೇ ಕಡಿದರು. ಆದರೆ ಅದೆಲ್ಲ ಆದದ್ದು ಆಮೇಲೆ. ಅಜ್ಜಿ ಹೋದ ವರ್ಷ ಒಕ್ಕಣೆ ಮುಗಿದಾಗ ಯಜಮಾನರು ಎಂದಿನಂತೆ ಬಂದು ಕೂತರು. ತಡೆಯುವವರು ಯಾರೂ ಇರಲಿಲ್ಲ. ಅಪ್ಪ ತಲೆ ತಗ್ಗಿಸಿ ಕೂತಿದ್ದ. ಹಿತ್ತಲಲ್ಲಿ ಬಾಗೆಕಾಯಿ ಗಲಗಲ ಎಂದಿತು. ಚಿಕ್ಕಪ್ಪ ಅತ್ತ ತಿರುಗಿ ಬಹಳ ಹೊತ್ತು ನೋಡಿದ.

"ಬಾಗೆ ಮರ ಇನ್ನೂ ಬೋಳಾಗೇ ಅದೆ," ಎಂದ. "ಚಿಗುರ್ಲಿ ಬುಡಣ್ಣ."

ಅಪ್ಪ ಟವಲಿನಿಂದ ಮುಖ ಒರೆಸಿಕೊಂಡ. ಯಜಮಾನರು ಕಾಫಿ ಕುಡಿದು ಎದ್ದು ಹೋದರು. ಆ ವರ್ಷವೂ ಹೊಂಗೆ ಚಿಗುರಿತು, ನೆಲ್ಲಿ ಚಿಗುರಿತು. ಬಾಗೆ ಚಿಗುರಿದ್ದನ್ನೂ ಮನೆಯವರೆಲ್ಲ ನೋಡಿದೆವು. ಯಾರೂ ಬಾಯಿ ಬಿಡಲಿಲ್ಲ.