ಗುಡ್ಡದಿಂದ ಇಳಿಯುವ ರಸ್ತೆ

ನಗರ ಯೋಜನಾ ಕಚೇರಿಯಲ್ಲಿ ಅವಳನ್ನು ಎಲ್ಲರೂ ಕರೆಯುತ್ತಿದ್ದದ್ದು ‘ಬೆಂಕಿ ಮೇಡಂ’ ಎಂದು. ಸಿಟ್ಟಿನವಳೇನಲ್ಲ, ಬಾಗಿಲು ಜೋರಾಗಿ ಬಡಿದುಕೊಂಡರೆ ಬೆಚ್ಚಿ ಬೀಳುವ ಜೀವ. ಊರು ಬೆಳೆಯುವ ಕಡೆ ಕಾಡ್ಗಿಚ್ಚು ಬಂದರೆ ಏನಾದೀತು, ಜನ ಯಾವ ದಾರಿಯಲ್ಲಿ ಪಾರಾದಾರು ಎಂದು ಮುಂಚಿತವಾಗಿ ಅಂದಾಜು ಮಾಡಿ ವರದಿ ಬರೆಯುವುದು ಅವಳ ಕೆಲಸ. ಅವಳು ಊಟದ ಡಬ್ಬಿ ಹಿಡಿದು ಬಂದರೆ ನಕ್ಷೆ ಬರೆಯುವವನು, “ಮೇಡಂ ಬಂದ್ರು, ಎಲ್ಲಾ ಎದ್ದು ಓಡ್ರಪ್ಪಾ” ಎನ್ನುತ್ತಿದ್ದ. ಅವಳೂ ನಗುತ್ತಿದ್ದಳು.

ಆ ವರ್ಷ ಊರು ಉತ್ತರದ ಗುಡ್ಡ ಹತ್ತಲು ಹೊರಟಿತು. ಹೊಸ ಯೋಜನೆಯಲ್ಲಿ ಇಳಿಜಾರಿನ ತುಂಬ ಮನೆಗಳು, ಒಂದು ಶಾಲೆ, ಒಂದು ವೃದ್ಧಾಶ್ರಮ. ಇಳಿಯಲು ಇದ್ದದ್ದು ಒಂದೇ ರಸ್ತೆ. ಅದೂ ಬುಡದಲ್ಲಿ, ಹಳ್ಳದ ಸೇತುವೆಯ ಹತ್ತಿರ, ಕತ್ತು ಹಿಸುಕಿದಂತೆ ಕಿರಿದಾಗುತ್ತಿತ್ತು. ಬೇಸಿಗೆಯಲ್ಲಿ ಅವಳು ಆ ರಸ್ತೆಯನ್ನು ನಡೆದೇ ನೋಡಿದಳು. ಎರಡೂ ಬದಿಗೆ ಸೊಂಟದೆತ್ತರ ಒಣಹುಲ್ಲು. ಹಿಡಿದರೆ ಕೈಯಲ್ಲೇ ಪುಡಿಯಾಗುತ್ತಿತ್ತು.

ಗುಡ್ಡದಲ್ಲಿ ಆಗಲೇ ಎದ್ದಿದ್ದ ಮೊದಲ ಸಾಲಿನಲ್ಲೇ ಅವಳ ಅಕ್ಕನ ಮನೆ. ಅಕ್ಕ, ಭಾವ, ಭಾವನ ತಾಯಿ. ಮುದುಕಿಗೆ ಉಬ್ಬಸ, ಒಳ್ಳೆಯ ಗಾಳಿ ಸಿಗಲಿ ಎಂದೇ ಅಲ್ಲಿ ಮನೆ ಮಾಡಿದ್ದರು.

“ಅಕ್ಕಾ, ಇನ್ನಷ್ಟು ಮನೆ ಬಂದ್ರೆ ಈ ರಸ್ತೆ ತಡೆಯಲ್ಲ ಕಣೇ,” ಎಂದಳು ಅವಳು.

“ನಿಂಗೆ ಒಲೆ ಹಚ್ಚಿದ್ರೂ ಕಾಡ್ಗಿಚ್ಚೇ ಕಾಣುತ್ತೆ,” ಎಂದು ಅಕ್ಕ ನಕ್ಕಳು.

ಕಿಟಕಿಯ ಪಕ್ಕ ಕೂತಿದ್ದ ಮುದುಕಿ, “ಬರಲಿ ಬಿಡಮ್ಮ, ಮಾತಿಗೆ ಜನ ಸಿಗ್ತಾರೆ. ನಿಮ್ಮಕ್ಕ ಫೋನ್ ಜೊತೆ ಮಾತಾಡ್ತಾಳೆ, ನಾನು ಗೋಡೆ ಜೊತೆ” ಎಂದಳು.

ಅವಳು ವರದಿ ಬರೆದಳು. ಗಾಳಿ ಕೆಳಗಿನಿಂದ ಬೀಸಿದರೆ, ಅರ್ಧ ಜನ ಸೇತುವೆ ದಾಟುವ ಮೊದಲೇ ಬೆಂಕಿ ರಸ್ತೆಗೆ ಬರುತ್ತದೆ ಎಂದು ಮುಚ್ಚುಮರೆಯಿಲ್ಲದೆ ಬರೆದಳು. ಮೇಲಧಿಕಾರಿ ತಿದ್ದಲು ಹೇಳಿದರೆ ಟೊಂಕ ಕಟ್ಟಿ ನಿಲ್ಲುವುದೆಂದು ನಿರ್ಧರಿಸಿಯೇ ಅವರ ಕೋಣೆಗೆ ಹೋದಳು. ನಿವೃತ್ತಿಯ ಅಂಚಿನಲ್ಲಿದ್ದ ಆ ಮನುಷ್ಯ ಪೂರ್ತಿ ಓದಿ ಕನ್ನಡಕ ತೆಗೆದಿಟ್ಟರು.

“ಒಂದಕ್ಷರ ತೆಗೀಬೇಡಿ.”

ಅವಳ ಎದೆ ಹಗುರಾಯಿತು.

“ಆದ್ರೆ ಎರಡನೇ ರಸ್ತೆಗೆ ಬಂಡೆ ಒಡೀಬೇಕು, ಆಗಲ್ಲ ಅಂತ ಇಂಜಿನಿಯರು ಕೈ ಎತ್ತಿದಾರೆ. ಅದಕ್ಕೆ ಕೊನೇಲಿ ‘ಗಂಭೀರ, ತಪ್ಪಿಸಲಾಗದ ಪರಿಣಾಮ’ ಅಂತ ಸೇರಿಸಿ. ಹಾಗೆ ಬರೆದ್ರೆ ಅಪಾಯ ಒಪ್ಪಿಕೊಂಡೇ ಸಭೆ ಮಂಜೂರು ಮಾಡಬಹುದು.”

“ತಪ್ಪಿಸಬಹುದಲ್ಲ ಸರ್? ಕಟ್ಟದಿದ್ರೆ ಆಯ್ತು.”

“ಕಟ್ಟದೇ ಇರೋದು ಯೋಜನೆ ಅಲ್ಲವಲ್ಲಮ್ಮ,” ಎಂದರು ಅವರು, ಮೆಲ್ಲಗೆ.

ನಗರಸಭೆಯಲ್ಲಿ ಅವಳ ಮಾತನ್ನು ಎಲ್ಲರೂ ಗಮನವಿಟ್ಟು ಕೇಳಿದರು. ಯಾರೂ ಅಲ್ಲಗಳೆಯಲಿಲ್ಲ. ಅಧ್ಯಕ್ಷೆ, “ಇಷ್ಟು ಪ್ರಾಮಾಣಿಕವಾದ ವರದಿ ನಾನು ನೋಡಿಲ್ಲ. ಅಪಾಯ ಇದೆ ಅಂತ ನಮಗೆ ತಿಳೀತು. ಆದ್ರೆ ಜನಕ್ಕೆ ಮನೆ ಬೇಕಲ್ಲ?” ಎಂದು ಕೇಳಿದರು. ಕೈಗಳು ಎದ್ದವು, ಯೋಜನೆ ಪಾಸಾಯಿತು. ಹಿಂದಿನ ಸಾಲಿನಲ್ಲಿ ಕೂಸನ್ನು ಎತ್ತಿಕೊಂಡಿದ್ದ ಗಂಡಹೆಂಡತಿ ಒಬ್ಬರ ಕೈ ಒಬ್ಬರು ಹಿಡಿದು ಅತ್ತರು. ಎಷ್ಟು ಬಾಡಿಗೆ ಮನೆ ಬದಲಿಸಿದ್ದರೋ ಪಾಪ. ಅವರ ಮೇಲೆ ಕೋಪ ಮಾಡಿಕೊಳ್ಳಲು ನೋಡಿದಳು, ಆಗಲಿಲ್ಲ. ಜಗಳವಾಗಿದ್ದರೆ ಸೋತೆ ಎಂದಾದರೂ ಅನ್ನಬಹುದಿತ್ತು. ಇಲ್ಲಿ ಅವಳ ಮಾತು ಮರಳಿನ ಮೇಲೆ ಹೊಯ್ದ ನೀರಿನಂತೆ ಸದ್ದಿಲ್ಲದೆ ಇಂಗಿ ಹೋಯಿತು.

ಮನೆಗಳು ಎದ್ದವು. ಮತ್ತೊಂದು ಬೇಸಿಗೆಯ ಮಧ್ಯಾಹ್ನ ಗುಡ್ಡದ ಹಿಂದೆ ಹೊಗೆ ಕಂಡಿತು. ಕಚೇರಿಯ ಕಿಟಕಿಯಲ್ಲಿ ಎಲ್ಲರೂ ನಿಂತು ನೋಡಿದರು. ಅಷ್ಟರಲ್ಲಿ ಅಕ್ಕನ ಫೋನು.

“ಕಾರಲ್ಲಿದೀವಿ. ಅಲ್ಲಾಡ್ತಾನೇ ಇಲ್ಲ ಕಣೇ. ಮುಂದೆ ಶಾಲೆ ಬಸ್ಸು, ಹಿಂದೆ ಎಲ್ಲಾ ಹೊಗೆ. ಅತ್ತೆಗೆ ಉಸಿರು ಸಿಗ್ತಿಲ್ಲ.”

“ಕಿಟಕಿ ಮುಚ್ಚು. ಒದ್ದೆ ಬಟ್ಟೆ ಮೂಗಿಗಿಡು.”

“ಇಟ್ಟಿದೀನಿ. ಏನ್ಮಾಡ್ಲಿ, ಹೇಳೇ! ನಿನ್ನ ಕೆಲಸಾನೇ ಇದಲ್ವಾ?”

ಅವಳಿಗೆ ಆ ರಸ್ತೆಯ ಒಂದೊಂದು ತಿರುವೂ ಬಾಯಿಪಾಠ. ಹೇಳಲು ಮಾತ್ರ ಏನೂ ಇರಲಿಲ್ಲ.

ಸಂಜೆಯ ಹೊತ್ತಿಗೆ ಗಾಳಿ ತಾನಾಗಿಯೇ ತಿರುಗಿತು. ಒಂದು ಮನೆಯೂ ಸುಡಲಿಲ್ಲ. ಕಾರು ಸೇತುವೆಗೆ ಬರುವಷ್ಟರಲ್ಲಿ ಮುದುಕಿ ಹಿಂದಿನ ಸೀಟಿನಲ್ಲಿ ಅಕ್ಕನ ತೋಳಿಗೆ ಒರಗಿ ಪ್ರಾಣ ಬಿಟ್ಟಿದ್ದಳು. ವೈದ್ಯರು ಹೃದಯ ನಿಂತದ್ದರಿಂದ ಎಂದು ಬರೆದರು. ನಗರಸಭೆ, ಜನರೆಲ್ಲ ಸುರಕ್ಷಿತವಾಗಿ ಇಳಿದರೆಂದು ಪ್ರಕಟಣೆ ಕೊಟ್ಟಿತು.

ಸಾವಿನ ಮನೆಯಲ್ಲಿ ಬಂದವರೆಲ್ಲ ಹೋದ ಮೇಲೆ ಅಕ್ಕ ಅವಳ ಪಕ್ಕ ಬಂದು ಕೂತಳು. ಅಕ್ಕ ಬೈದಿದ್ದರೆ ಅವಳು ತಡೆದುಕೊಳ್ಳುತ್ತಿದ್ದಳೇನೋ.

“ನಿಂಗೆ ಗೊತ್ತಿತ್ತು ಅಲ್ವಾ?”

“ಬರೆದಿದ್ದೆ ಅಕ್ಕಾ.”

“ಹೂಂ. ಬರೆದಿದ್ದೆ,” ಎಂದಳು ಅಕ್ಕ. ಎದ್ದು ಮುದುಕಿಯ ಹಾಸಿಗೆ ಮಡಿಸತೊಡಗಿದಳು.

ಬೆಂಕಿ ಬಿದ್ದಾಗ ಬಾವಿ ತೋಡಿದಂತೆ ಎಂದು ಗಾದೆ. ಇಲ್ಲಿ ಅದನ್ನೂ ತೋಡಲಿಲ್ಲ, ಯೋಜನೆಯ ಎರಡನೇ ಹಂತ ಅವಳ ಮೇಜಿಗೆ ಬಂತು: ಗುಡ್ಡದ ಇನ್ನೂ ಮೇಲಕ್ಕೆ. ಕೆಲಸ ಬಿಡೋಣ ಎನ್ನಿಸಿತು. ಬಿಟ್ಟರೆ ಬರೆಯುವವರು ಬೇರೆ ಯಾರೋ ಬರುತ್ತಾರೆ, ಅಷ್ಟೇ ತಾನೆ? ಮುದುಕಿಯ ಸಾವನ್ನು ವರದಿಗೆ ಸೇರಿಸಿದಳು. ಹೊಸ ಮೇಲಧಿಕಾರಿ ಆ ಸಾಲಿಗೆ ಅಡ್ಡಗೆರೆ ಎಳೆದ. “ಅದು ಕಾಯಿಲೆ ಮೇಡಂ, ರಸ್ತೆ ಅಲ್ಲ.” ಮತ್ತೆ ಸೇರಿಸಿದಳು, ಮತ್ತೆ ಗೆರೆ ಬಿತ್ತು. ಎರಡನೇ ಹಂತವೂ ಪಾಸಾಯಿತು.

ಅಕ್ಕ ಭಾವ ಮನೆ ಬಿಡಲಿಲ್ಲ. ಬಿಟ್ಟು ಎಲ್ಲಿಗೆ ಹೋಗಬೇಕು? ರಜೆ ಇದ್ದಾಗ ಅವಳು ಹೋಗುತ್ತಾಳೆ. ಅಕ್ಕತಂಗಿ ಅಡುಗೆ ಮಾಡುತ್ತಾ ಹರಟುತ್ತಾರೆ, ಆ ದಿನದ ಮಾತು ಮಾತ್ರ ಎತ್ತುವುದಿಲ್ಲ. ಈಗ ಅಕ್ಕ ಕಾರನ್ನು ಇಳಿಜಾರಿಗೆ ಮುಖ ಮಾಡಿಯೇ ನಿಲ್ಲಿಸುತ್ತಾಳೆ. ಅಕ್ಕಪಕ್ಕದವರೂ ಹಾಗೆಯೇ. ಹೋದ ಸಲ ಇವಳೂ ತನ್ನ ಕಾರನ್ನು ತಿರುಗಿಸಿ ನಿಲ್ಲಿಸಿ ಒಳಗೆ ಹೋದಳು.