ಗಾಳಿಗೆ ಕತ್ತರಿ

ಮೂವತ್ತು ವರ್ಷ ಊರಿನ ತಲೆಗಳನ್ನೆಲ್ಲ ತಿದ್ದಿದ ಕ್ಷೌರಿಕನಿಗೆ ಒಂದು ಬೆಳಿಗ್ಗೆ ತನ್ನ ಸಲೂನಿನ ಬೀಗವನ್ನೇ ತೆಗೆಯಲಾಗಲಿಲ್ಲ. ಕೀಲಿ ತಿರುಗಿಸಲು ಹೋದರೆ ಹೆಬ್ಬೆರಳ ಬುಡದಿಂದ ಮುಂಗೈವರೆಗೆ ಚಳುಕು ಹೊಡೆಯಿತು. ಕೊನೆಗೆ ಬೀಗ ತೆಗೆದವಳು ಹೆಂಡತಿ. ಆಸ್ಪತ್ರೆಗೆ ಎಳೆದುಕೊಂಡು ಹೋದವಳೂ ಅವಳೇ.

ವೈದ್ಯೆ ಅವನ ಹೆಬ್ಬೆರಳನ್ನು ಮುಷ್ಟಿಯೊಳಗೆ ಮಡಚಿಸಿ, ಮುಷ್ಟಿಯನ್ನು ಕಿರುಬೆರಳಿನ ಕಡೆಗೆ ಬಾಗಿಸಿದರು. ಅವನು ಕುರ್ಚಿಯಿಂದ ಅರ್ಧ ಎದ್ದ.

"ಹೆಬ್ಬೆರಳನ್ನ ಎಳೆಯೋ ಸ್ನಾಯುರಜ್ಜು ಒಂದು ಕೊಳವೆಯೊಳಗೆ ಓಡಾಡುತ್ತೆ. ಅದರ ಒಳಪೊರೆ ಊದ್ಕೊಂಡಿದೆ. ಪೈಜಾಮದೊಳಗೆ ಲಾಡಿ ಸಿಕ್ಕಿಹಾಕ್ಕೊಂಡ ಹಾಗೆ, ಎಳೆದಷ್ಟೂ ಕೆಡುತ್ತೆ. ಎಲ್ಲಿ, ಕೆಲಸ ಹೇಗೆ ಮಾಡ್ತೀರಿ, ತೋರಿಸಿ."

ಮೂಲೆಯಲ್ಲಿ ಅಸ್ಥಿಪಂಜರ ನೇತಾಡುತ್ತಿತ್ತು. ಕ್ಷೌರಿಕ ಜೇಬಿನಿಂದ ಕತ್ತರಿ, ಬಾಚಣಿಗೆ ತೆಗೆದು, ನೋವು ನುಂಗಿಕೊಂಡು ಅದರ ಬುರುಡೆಗೆ ಶ್ರದ್ಧೆಯಿಂದ ಕಟಿಂಗ್ ಶುರುಮಾಡಿದ. "ಪಕ್ಕದಲ್ಲಿ ಸಣ್ಣ ಮಾಡ್ಲಾ?" ಎಂದು ಅಭ್ಯಾಸಬಲದಿಂದ ಕೇಳಿಯೂ ಬಿಟ್ಟ.

"ಬಾಚಣಿಗೆ ಇಟ್ಟಾಗ ಒಂದು ಸಲ ಕತ್ತರಿಸ್ತೀರಿ, ಎತ್ತಿದ ಮೇಲೆ ಐದು ಸಲ. ಆ ಐದು ಯಾರಿಗೆ?" ಎಂದರು ವೈದ್ಯೆ.

ಅವನು ತನ್ನನ್ನೇ ಎಂದೂ ಕೇಳಿಕೊಳ್ಳದ ಪ್ರಶ್ನೆ. "ಅದು... ಗಾಳಿಗೆ," ಎಂದ.

ಆರು ವಾರ ಹೆಬ್ಬೆರಳು ಅಲ್ಲಾಡದಂತೆ ಪಟ್ಟಿ, ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆ, ಆಮೇಲೆ ಮೆಲ್ಲಗೆ ವ್ಯಾಯಾಮ. ಅದಕ್ಕೂ ಬಗ್ಗದಿದ್ದರೆ ಇಂಜೆಕ್ಷನ್, ಇಲ್ಲವೇ ಆಪರೇಷನ್. ಮುಂದೆ ಕತ್ತರಿ ಆಡುವುದಾದರೆ ಕೂದಲಿಗೆ ಮಾತ್ರ. ಕ್ಷೌರಿಕನಿಗೆ ಕೈಗಿಂತ ಹೆಚ್ಚು ಸಲೂನಿನ ಚಿಂತೆ. ಎದುರಿಗೇ ಹೊಸ ಸಲೂನೊಂದು ಬಾಯಿ ತೆರೆದುಕೊಂಡು ಕೂತಿತ್ತು.

ಆರು ವಾರ ಕಳೆದು ಬಾಗಿಲು ತೆಗೆದಾಗ ಮೊದಲು ಬಂದವರು ನಿವೃತ್ತ ಮೇಷ್ಟ್ರು. ಅವರ ತಲೆಯಲ್ಲಿ ಹನ್ನೊಂದು ಕೂದಲು. ಎರಡು ನಿಮಿಷವೂ ಬೇಕಾಗಲಿಲ್ಲ.

"ಶುರು ಮಾಡಪ್ಪ."

"ಮುಗೀತು ಮೇಷ್ಟ್ರೇ."

"ಏನು ಮುಗೀತು? ಸದ್ದೇ ಬರಲಿಲ್ಲ!" ಮೇಷ್ಟ್ರು ಮುಖ ಊದಿಸಿಕೊಂಡು ಎದುರು ಸಲೂನಿನ ಕಡೆ ನೋಡಿದರು.

ಮರುದಿನದಿಂದ ಕುರ್ಚಿಯ ಹಿಂದೆ ಒಂದು ಸ್ಟೂಲು ಬಂತು, ಸ್ಟೂಲಿನ ಮೇಲೆ ಹಳೇ ಕತ್ತರಿ ಹಿಡಿದ ಹೆಂಡತಿ. ಅವನು ಮೌನವಾಗಿ ಕೂದಲು ಕತ್ತರಿಸುತ್ತಿದ್ದ, ಅವಳು ಕಚಕಚ ಎಂದು ಗಾಳಿ ಕತ್ತರಿಸುತ್ತಿದ್ದಳು. ಗಿರಾಕಿಗಳು ಕಣ್ಣುಮುಚ್ಚಿ ತೂಕಡಿಸಿದರು. "ಕೈ ಈಗ ಮೊದಲಿಗಿಂತ ಪಳಗಿದೆ," ಎಂದು ಮೇಷ್ಟ್ರೂ ಮೆಚ್ಚಿದರು. ಕ್ಷೌರಿಕ ನಾಚಿಕೆಯಿಲ್ಲದೆ ಹಿಗ್ಗಿದ.

ತಿಂಗಳು ಕಳೆಯಿತು. ಹೆಂಡತಿಗೆ ಚಹಾದ ಪಾತ್ರೆ ಎತ್ತಲಾಗಲಿಲ್ಲ.

"ನೀವೇನು ಕೆಲಸ ಮಾಡ್ತೀರಮ್ಮ?" ಎಂದು ಕೇಳಿದರು ಅದೇ ವೈದ್ಯೆ.

"ಏನೂ ಮಾಡಲ್ಲ ಡಾಕ್ಟ್ರೇ. ಅವರು ಬಿಟ್ಟಿದ್ದನ್ನ ಮಾಡ್ತೀನಿ."

ಕ್ಷೌರಿಕನಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ತನ್ನ ನೋವನ್ನು ಬಳಸಿದ ಟವೆಲ್ಲಿನ ಹಾಗೆ ಇವಳ ಕೈಗೆ ದಾಟಿಸಿದ್ದ, ಅದೂ ಶಹಬ್ಬಾಸ್‌ಗಿರಿ ತಾನೇ ತಗೊಂಡು. ಮನೆಗೆ ಬಂದು ತನ್ನ ಪಟ್ಟಿಯನ್ನು ಅವಳ ಕೈಗೆ ತಾನೇ ಕಟ್ಟಿದ. "ತಪ್ಪಾಯ್ತು ಕಣೇ," ಎಂದ.

"ಬಿಗಿಯಾಯ್ತು, ಸ್ವಲ್ಪ ಸಡಿಲ ಮಾಡ್ರೀ," ಎಂದಳು ಅವಳು.

ಮುಂದಿನ ಸಲ ಮೇಷ್ಟ್ರು ಕೂತಾಗ ಅವನು ನೇರವಾಗಿ ಹೇಳಿಬಿಟ್ಟ: "ಹನ್ನೊಂದು ಕೂದಲಿಗೆ ಹನ್ನೊಂದು ಸಲ ಕತ್ತರಿ ಆಡುತ್ತೆ ಮೇಷ್ಟ್ರೇ. ಹನ್ನೆರಡನೇ ಸಲಕ್ಕೆ ನಮ್ಮನೇಲಿ ಯಾರ ಕೈಯೂ ಇಲ್ಲ. ಎದುರಿಗೆ ಹೋಗೋದಾದ್ರೆ ಹೋಗಿ."

ಮೇಷ್ಟ್ರು ಕನ್ನಡಿಯಲ್ಲಿ, ಹಿಂದೆ ಸ್ಟೂಲಿನ ಮೇಲೆ ಸುಮ್ಮನೆ ಕೂತಿದ್ದ ಕ್ಷೌರಿಕನ ಹೆಂಡತಿಯ ಕೈಯ ಪಟ್ಟಿಯನ್ನೂ ಮಡಿಲಲ್ಲಿದ್ದ ಹಳೇ ಕತ್ತರಿಯನ್ನೂ ನೋಡಿದರು. ಆಮೇಲೆ ಮೈಮೇಲೆ ಹೊದಿಸಿದ್ದ ಬಟ್ಟೆಯೊಳಗಿಂದ ಕೈ ಹೊರಗೆ ಚಾಚಿದರು.

"ಆ ಹಳೇ ಕತ್ತರಿ ಇಲ್ಲಿ ಕೊಡಪ್ಪ."

ತಮ್ಮ ಕಿವಿಯ ಪಕ್ಕದಲ್ಲಿ ತಾವೇ ಕಚಕಚ ಶುರುಮಾಡಿ, ನೆಮ್ಮದಿಯಿಂದ ಕಣ್ಣುಮುಚ್ಚಿದರು. ಕ್ಷೌರಿಕ ಬಾಗಿ ಮೆತ್ತಗೆ ಹೇಳಿದ:

"ಮಣಿಕಟ್ಟು ನೆಟ್ಟಗಿಟ್ಕೊಳ್ಳಿ ಮೇಷ್ಟ್ರೇ. ಆಗಾಗ ಕೈ ಬದಲಾಯಿಸಿ."