ಕಿವಿಮೇಸ್ತ್ರಿಗೆ ಕೇಳಿಸದ ಸದ್ದು

ಎರಡನೆಯ ಸಲವೂ ಬೈಕು ನಡುದಾರಿಯಲ್ಲೇ ನಿಂತಿತ್ತು. ಮೇಸ್ತ್ರಿಯ ಭಾವ ಅದನ್ನು ತಳ್ಳಿಕೊಂಡು ಗ್ಯಾರೇಜಿನ ಒಳಗೆ ಬಂದರು. ಹಿಂದೆಯೇ ಬಂದ ಅಕ್ಕ ಹೆಲ್ಮೆಟ್ ಕಳಚಿದಾಗ ಮುಖ ಬಿಳಿಚಿತ್ತು.

"ಹಿಂದೆ ಲಾರಿ ಇತ್ತು ಕಣೋ. ಗೇಣು ದೂರದಲ್ಲಿ ಬ್ರೇಕ್ ಹಾಕಿದ. ಅವನ ಮೀಸೆ ಎಣಿಸಬಹುದಿತ್ತು."

ಮೇಸ್ತ್ರಿ ಕಾರ್ಬ್ಯುರೇಟರ್ ಬಿಚ್ಚಿ, ಒಳಗೆ ಪೆಟ್ರೋಲ್ ಹಾಯುವ ಸಣ್ಣ ಜೆಟ್ಟನ್ನು ಬೆಳಕಿಗೆ ಹಿಡಿದು ನೋಡಿದ. ರಂಧ್ರ ಕನ್ನಡಿಯಷ್ಟು ಸ್ವಚ್ಛವಾಗಿತ್ತು.

"ಕಸ ಇದೆ ಭಾವ," ಎಂದ.

"ಬೆಳಿಗ್ಗೇನೂ ಕಸಾನೇ ಇತ್ತಲ್ಲಪ್ಪ. ನನ್ನ ಟ್ಯಾಂಕೇನು ಕಸದ ತೊಟ್ಟೀನಾ? ನಾಳೆ ಆರು ಗಂಟೆಗೆ ಹೊರಡಬೇಕು, ಒಂಬೈನೂರು ಕಿಲೋಮೀಟರ್, ಹಿಂದೆ ನಿನ್ನ ಅಕ್ಕ. ಆಗಲ್ಲ ಅಂದ್ರೆ ಹೇಳಿಬಿಡು."

ದೂರಪ್ರಯಾಣಕ್ಕೆಂದು ಭಾವ ಕೊಂಡಿದ್ದ ಹೊಸ ಬೈಕಿನ ಎಂಜಿನ್ ನೀರು ಕುಡಿದು ಸತ್ತಿತ್ತು. ಅವರು ಹತ್ತೊಂಬತ್ತು ವರ್ಷ ಓಡಿಸಿದ ಹಳೆಯ ಬೈಕಿನ ಮೈ ತುಕ್ಕು ಹಿಡಿದಿದ್ದರೂ ಎಂಜಿನ್ ಗಟ್ಟಿಯಿತ್ತು. ಅದನ್ನು ಇದರ ಒಡಲಲ್ಲಿ ಕೂರಿಸಿಕೊಡು ಎಂದಿದ್ದರು. ಹೊಸ ಗಾಡಿಯಲ್ಲಿ ಪೆಟ್ರೋಲನ್ನು ವಿದ್ಯುತ್ ಪಂಪು ನೂಕುತ್ತದೆ. ಹಳೆಯ ಎಂಜಿನ್ನಿಗೆ ಅದು ತನ್ನ ಭಾರಕ್ಕೆ ತಾನೇ ಇಳಿದು ಬರಬೇಕು. ಮೇಸ್ತ್ರಿ ಪಂಪು ಕಿತ್ತ, ಟ್ಯಾಂಕಿನ ಅಡಿಗೆ ನಲ್ಲಿ ಕೂರಿಸಿದ. ಇನ್ನು ಕೆಲಸವಿಲ್ಲವೆಂದು ಕಂಡ ಕೊಳವೆಗಳ ತುದಿಗೆಲ್ಲ, ಧೂಳು ಹೋಗದಿರಲೆಂದು, ಬಿರಡೆ ಜಡಿದ.

ಮೂವತ್ತೊಂದು ವರ್ಷದಿಂದ ಊರೆಲ್ಲ ಅವನನ್ನು ಕಿವಿಮೇಸ್ತ್ರಿ ಎನ್ನುತ್ತಿತ್ತು. ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೂ ಹಿಡಿಯನ್ನು ಕಿವಿಗೂ ಆನಿಸಿ ಕಣ್ಣು ಮುಚ್ಚಿದರೆ, ಒಳಗಿನ ರೋಗ ತಾನಾಗಿ ಬಾಯಿಬಿಡುತ್ತಿತ್ತು. ಎರಡು ವರ್ಷದ ಹಿಂದೆ ಸೂರಿನ ಗುಬ್ಬಿಗಳ ಸದ್ದಡಗಿತು. ಹಾರಿಹೋದವೆಂದೇ ಅವನು ತಿಳಿದಿದ್ದ. ಒಂದು ಬೆಳಿಗ್ಗೆ ತಲೆಯೆತ್ತಿದರೆ ಅವು ಅಲ್ಲೇ ಕೂತು ಕೊಕ್ಕು ತೆರೆದು ಮುಚ್ಚುತ್ತಿದ್ದವು. ಅದನ್ನು ಅವನು ಯಾರಿಗೂ ಹೇಳಲಿಲ್ಲ. ಕಿವಿಯೇ ಅನ್ನವಾದವನು ಯಾವ ಬಾಯಲ್ಲಿ ಹೇಳಬೇಕು?

"ಈ ಸಲ ನಾನೇ ಓಡಿಸಿ ನೋಡ್ತೀನಿ," ಎಂದು ಎದ್ದ.

ಗ್ಯಾರೇಜಿನ ಮಗ್ಗುಲಲ್ಲಿ ಸೀಟು ಹೊಲಿಯುತ್ತಿದ್ದ ಹೆಂಡತಿ ಸೂಜಿ ಚುಚ್ಚಿಟ್ಟು ಬಂದಳು. "ನಾನೂ ಬರ್ತೀನಿ."

"ನೀನ್ಯಾಕೆ?"

"ಅತ್ತಿಗೆ ಕೂರೋ ಜಾಗ ಅಲ್ವೇನ್ರೀ. ಹೊಲಿದೋಳು ಕೂತು ನೋಡಬೇಡ್ವಾ?"

ಹದಿನೈದು ನಿಮಿಷ ಎಂಜಿನ್ ಬೆಣ್ಣೆಯಂತೆ ಓಡಿತು. ಅವನು ತೊಡೆಯಿಂದ, ಅಂಗೈಯಿಂದ ಅದನ್ನು ಆಲಿಸುತ್ತಿದ್ದ. ಇಪ್ಪತ್ತಾಯಿತು. ಏರಿನ ಅರ್ಧದಲ್ಲಿ ಎರಡು ಸಲ ಬಿಕ್ಕಿ, ಸತ್ತಿತು. ಬೆನ್ನ ಹಿಂದಿದ್ದ ಬಸ್ಸು ಅರಚುತ್ತ ಅವರನ್ನು ಸವರಿಕೊಂಡು ಹೋಯಿತು. ಹೆಂಡತಿಯ ಉಗುರು ಅವನ ಹೆಗಲಿಗೆ ನಾಟಿತ್ತು.

ರಸ್ತೆ ಬದಿಯಲ್ಲಿ ಅವನ ಕೈ ಮತ್ತೆ ಕಾರ್ಬ್ಯುರೇಟರಿನತ್ತ ಹೋಯಿತು.

"ಮೊದಲು ಪೆಟ್ರೋಲ್ ಇದೆಯಾ ನೋಡಿ."

ಬೀಗ ತಿರುವಿ ಟ್ಯಾಂಕಿನ ಮುಚ್ಚಳ ತೆರೆದ. ಹೆಂಡತಿ ಬೆಚ್ಚಿ ಹಿಂದೆ ಸರಿದಳು.

"ಇದೇನ್ರೀ, ಹೀಗೆ ಉಸಿರೆಳ್ಕೊಳ್ತು?"

"ಯಾವುದು?"

"ಟ್ಯಾಂಕು. ಸುಯ್ ಅಂತು, ಹಾವಿನ ಥರ." ಅವನ ಮುಖವನ್ನೇ ನೋಡಿದಳು. "ಕೇಳಿಸ್ಲಿಲ್ಲ ಅಲ್ವಾ?"

ಗಾಳಿ. ಪೆಟ್ರೋಲ್ ಇಳಿದಷ್ಟೂ ಟ್ಯಾಂಕಿನೊಳಗೆ ಗಾಳಿ ಬರಬೇಕು, ಇಲ್ಲದಿದ್ದರೆ ತುಟಿ ಬಿಗಿದು ಹೀರಿದ ಶೀಸೆಯಂತೆ ಅದು ಹನಿಯನ್ನೂ ಬಿಡದು. ಗಾಳಿಯ ದಾರಿಗೇ ಅವನು ಬಿರಡೆ ಜಡಿದಿದ್ದ. ಬೆಳಿಗ್ಗೆ ಬೈಕು ದಾರಿಯಲ್ಲಿ ನಿಂತಾಗಲೂ ಅಲ್ಲಿಗೆ ಹೋಗಿ ಈ ಮುಚ್ಚಳವನ್ನು ತೆರೆದವನು ತಾನೇ. ಆಗಲೇ ಅದು ಸುಯ್ದಿರಬೇಕು. ಕೇಳಿಸಿದ್ದರೆ ಅಕ್ಕ ಆ ಲಾರಿಯ ಮುಂದೆ ನಿಲ್ಲುತ್ತಿರಲಿಲ್ಲ.

ಬಿರಡೆ ಕಿತ್ತು ಜೇಬಿಗಿಳಿಸಿದ. ಆಮೇಲೆ ನಲವತ್ತು ನಿಮಿಷ ಸುತ್ತಿದರು. ಮೂರು ಸಲ ನಿಲ್ಲಿಸಿ ಹೆಂಡತಿ ಮುಚ್ಚಳ ತೆಗೆಸಿದಳು, ಮೂರು ಸಲವೂ ಸದ್ದಿಲ್ಲವೆಂದು ತಲೆಯಾಡಿಸಿದಳು. ಎಂಜಿನ್ ಒಮ್ಮೆಯೂ ಬಿಕ್ಕಲಿಲ್ಲ.

"ಈ ಸಲಾನೂ ಕಸಾನಾ?" ಗ್ಯಾರೇಜಿಗೆ ಮರಳಿದಾಗ ಭಾವ ಕೇಳಿದರು.

ಹೂಂ ಅಂದರೆ ಮುಗಿಯುತ್ತಿತ್ತು. ಮೇಸ್ತ್ರಿ ಬಿರಡೆಯನ್ನು ಭಾವನ ಅಂಗೈಯಲ್ಲಿಟ್ಟ.

"ಕಸ ಯಾವತ್ತೂ ಇರಲಿಲ್ಲ ಭಾವ. ಗಾಳಿ ಹೋಗೋ ದಾರಿ ಮುಚ್ಚಿದ್ದೆ. ಬೆಳಿಗ್ಗೇನೇ ಅದು ಸದ್ದು ಮಾಡಿ ಹೇಳಿದೆ. ನನಗೆ ಸಣ್ಣ ಸದ್ದು ಕೇಳ್ಸಲ್ಲ. ಎರಡು ವರ್ಷ ಆಯ್ತು."

ಅಕ್ಕ ತಮ್ಮನತ್ತ ತಿರುಗಿದಳು. "ಹಾಗಾದ್ರೆ ಈಗ ಸರಿ ಇದೆ ಅಂತ ಯಾರು ಹೇಳ್ತಿರೋದು?"

"ಇವಳ ಕಿವಿ."

"ಬಸ್ ಟಿಕೆಟ್ ಇನ್ನೂ ಸಿಗುತ್ತೆ," ಎಂದರು ಭಾವ, ಯಾರಿಗೂ ಅಲ್ಲವೆಂಬಂತೆ.

ಅಕ್ಕ ಹೆಲ್ಮೆಟ್ ಎತ್ತಿಕೊಂಡಳು. "ನಡೀರಿ, ಅದೇ ಏರು ಹತ್ತಿ ಬರೋಣ. ಮುಚ್ಚಳ ನಾನು ತೆಗೀತೀನಿ."

ಅವರು ಹೋದರು. ಅವನು ಬಾಗಿಲಲ್ಲಿ ಗಡಿಯಾರ ನೋಡುತ್ತ ನಿಂತ. ಇಪ್ಪತ್ತು ನಿಮಿಷ. ಮೂವತ್ತು. ಬೀದಿ ಖಾಲಿಯಾಗಿತ್ತು. ಅವನು ಬೀದಿಯನ್ನು ಬಿಟ್ಟು ಹೆಂಡತಿಯ ಮುಖವನ್ನು ನೋಡತೊಡಗಿದ.

ಅವಳ ಸೂಜಿ ನಿಂತಿತು.

"ಬಂತು," ಎಂದಳು.

ತುಸು ಹೊತ್ತಿನ ಮೇಲೆ ಅಂಗಾಲಿನ ಕೆಳಗೆ ನೆಲ ಸಣ್ಣಗೆ ಮಿಡಿಯಿತು.